ಎತ್ತಿನ ನಡಿಗೆಗೆ ಕಡೆದ ಗೇರು

ಬೆಂಗಳೂರಿನ ಟೆಕ್ ಪಾರ್ಕುಗಳ ಬೇಸ್‌ಮೆಂಟಿನಲ್ಲಿ ಈಗ ಫೋರ್ ಬೈ ಫೋರ್ ಗಾಡಿಗಳಿಗೆ ಬರವಿಲ್ಲ. ಎತ್ತರದ ಟಯರು, ಮುಂದೊಂದು ವಿಂಚು, ತಲೆ ಮೇಲೆ ಲೈಟಿನ ಸಾಲು. ಒಳಗೆ ಕೂತು ನೋಡಿದರೆ ಗೇರಿನ ಪಕ್ಕ ಇನ್ನೊಂದು ಗಿಡ್ಡ ಲಿವರ್ ಇರುತ್ತೆ. ಎಷ್ಟೋ ಗಾಡಿಗಳಲ್ಲಿ ಅದು ಶೋರೂಮಿನಿಂದ ಹೊರಬಂದ ದಿನ ಎಲ್ಲಿತ್ತೋ ಇವತ್ತಿಗೂ ಅಲ್ಲೇ. ಆದರೂ ಒಡೆಯರು ಕಾಫಿ ಬ್ರೇಕಿನಲ್ಲಿ ಕೇಳೋದು ಒಂದೇ ಪ್ರಶ್ನೆ: "ಟ್ರಾನ್ಸ್‌ಫರ್ ಕೇಸಿಗೆ ಫೋರ್ ಟು ಒನ್ ಗೇರ್ ಹಾಕಿಸಿದ್ರೆ ಹೇಗೆ ಗುರೂ?"

ನನ್ನನ್ನು ಕೇಳೋದಕ್ಕೆ ಕಾರಣ ನನ್ನ ಬಿಇ ಡಿಗ್ರಿ ಅಲ್ಲ. ನಾನು ಕೊಪ್ಪಳದ ಹತ್ತಿರದ ಇರಕಲ್ಲಗಡದವನು, ನಮ್ಮ ಮನೆಯಲ್ಲಿ ಹಳೇ ಜೀಪಿತ್ತು ಅನ್ನೋದು ಅವರಿಗೆ ಗೊತ್ತು. ಹೌದು ಅಥವಾ ಬೇಡ ಅಂತ ಒಂದೇ ಮಾತಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ಆ ಗಿಡ್ಡ ಲಿವರಿಗೆ ಒಂದು ಇತಿಹಾಸ ಇದೆ. ಅದು ಗೊತ್ತಿದ್ದರೆ ಉತ್ತರ ನಿಮಗೇ ಹೊಳೆಯುತ್ತೆ.

ಮೊದಲು ಆ ಪೆಟ್ಟಿಗೆ ಏನು ಮಾಡುತ್ತೆ ನೋಡೋಣ. ಎಂಜಿನ್ ಹಿಂದೆ ಮಾಮೂಲಿ ಗೇರ್ ಬಾಕ್ಸ್. ಅದರ ಬೆನ್ನಿಗೆ ಅಂಟಿಕೊಂಡ ಎರಡನೇ ಪೆಟ್ಟಿಗೆಯೇ ಟ್ರಾನ್ಸ್‌ಫರ್ ಕೇಸ್. ಅದಕ್ಕೆ ಎರಡು ಕೆಲಸ. ಒಂದು, ಹಿಂದಿನ ಗಾಲಿಗೆ ಹೋಗುವ ಶಕ್ತಿಯನ್ನು ಬೇಕಾದಾಗ ಮುಂದಿನ ಗಾಲಿಗೂ ಕೊಡೋದು. ಎರಡು, ಬೇಕಾದಾಗ ಎಲ್ಲಾ ಗೇರುಗಳನ್ನೂ ಇನ್ನೊಂದು ಸಲ ಇಳಿಸೋದು. ಈ ಇಳಿಸಿದ ಸ್ಥಿತಿಗೇ 'ಲೋ' ಅನ್ನೋದು. ಎಂಜಿನ್ ಅಷ್ಟೇ ವೇಗವಾಗಿ ತಿರುಗುತ್ತೆ, ಗಾಲಿ ಮಾತ್ರ ಅರ್ಧಕ್ಕಿಂತ ನಿಧಾನ.

ಎಷ್ಟು ಇಳಿಸಬೇಕು ಅನ್ನೋದನ್ನ ಯಾರು, ಯಾವ ಲೆಕ್ಕದ ಮೇಲೆ ತೀರ್ಮಾನ ಮಾಡಿದರು? ಈ ಕಥೆ ಶುರುವಾಗೋದು ಅಲ್ಲಿಂದ.

1940ರ ಬೇಸಿಗೆ. ಯುರೋಪಿನಲ್ಲಿ ಯುದ್ಧ ನಡೀತಿತ್ತು. ಅಮೆರಿಕದ ಸೇನೆ 135 ಕಂಪನಿಗಳಿಗೆ ಕಾಗದ ಬರೆಯಿತು: ನಾಲ್ಕೂ ಗಾಲಿಗೆ ಶಕ್ತಿ ಹೋಗುವ, ಹಗುರಾದ ಗಾಡಿಯೊಂದರ ಮಾದರಿಯನ್ನು 49 ದಿನದಲ್ಲಿ ತಂದು ನಿಲ್ಲಿಸಿ. ನಮ್ಮ ಕ್ಲೈಂಟುಗಳ ಡೆಡ್‌ಲೈನ್ ಇದರ ಮುಂದೆ ಏನೂ ಅಲ್ಲ. ಒಪ್ಪಿಕೊಂಡು ಗಡುವಿನೊಳಗೆ ತಂದಿದ್ದು ಪೆನ್ಸಿಲ್ವೇನಿಯಾದ ಬಟ್ಲರ್ ಊರಿನ ಬ್ಯಾಂಟಮ್ ಅನ್ನೋ ಸಣ್ಣ ಕಂಪನಿ ಮಾತ್ರ. ಕಾರ್ಲ್ ಪ್ರೋಬ್ಸ್ಟ್ ಅನ್ನೋ ಎಂಜಿನಿಯರ್ ನಕ್ಷೆ ಹಾಕಿದ. ಸೆಪ್ಟೆಂಬರ್ 23ಕ್ಕೆ ಗಾಡಿ ಮೇರಿಲ್ಯಾಂಡಿನ ಹೋಲಬರ್ಡ್ ಶಿಬಿರ ಮುಟ್ಟಿತು. ಆಮೇಲೆ ವಿಲ್ಲಿಸ್, ಫೋರ್ಡ್ ಬಂದವು. ದೊಡ್ಡ ಆರ್ಡರು ಸಿಕ್ಕಿದ್ದು ಅವುಗಳಿಗೆ. ಯುದ್ಧ ಮುಗಿಯೋ ಹೊತ್ತಿಗೆ ಆರು ಲಕ್ಷಕ್ಕೂ ಹೆಚ್ಚು ಜೀಪು ತಯಾರಾಗಿದ್ದವು. ಗುಂಪಿನಲ್ಲಿ ಕಂಪನಿ ಯಾವುದೇ ಇರಲಿ, ಟ್ರಾನ್ಸ್‌ಫರ್ ಕೇಸ್ ಮಾತ್ರ ಸ್ಪೈಸರ್ ಮನೆಯ ವಿನ್ಯಾಸ. ವಿಲ್ಲಿಸ್ ಎಂಬಿ ಜೀಪಿನಲ್ಲಿ ಕೂತಿದ್ದು ಸ್ಪೈಸರ್ 18.

ಸೇನೆ ಕೇಳಿದ್ದ ಗುಣಗಳಲ್ಲಿ ಒಂದು ನನಗೆ ಬಹಳ ಇಷ್ಟ. ಗಾಡಿ ಗಂಟೆಗೆ 50 ಮೈಲು ಓಡಬೇಕು. ಅಷ್ಟೇ ಅಲ್ಲ, ಗಂಟೆಗೆ 3 ಮೈಲು, ಅಂದರೆ ಐದು ಕಿಲೋಮೀಟರಿನ ಹತ್ತಿರ, ಎಂಜಿನ್ ಬಿಸಿಯಾಗದೆ, ಜಗ್ಗದೆ, ಸುಮ್ಮನೆ ಸಾಗುತ್ತಲೂ ಇರಬೇಕು. ಯಾಕೆ 3 ಮೈಲು? ಹೆಗಲಿಗೆ ಬಂದೂಕು ಹಾಕಿಕೊಂಡ ಕಾಲಾಳಿನ ನಡಿಗೆ ಅದು. ಗಾಡಿ ಅವನ ಜೊತೆ ನಡೀಬೇಕಿತ್ತು.

ಹಂಗಾಗಿ ಎಂಬಿ ಜೀಪಿನ ಲೋ ಗೇರಿನ ಅನುಪಾತ 1.97. ಒಂದನೇ ಗೇರು 2.66, ಎಕ್ಸೆಲ್ಲಿನ ಕ್ರೌನ್-ಪಿನಿಯನ್ 4.88. ಮೂರನ್ನೂ ಗುಣಿಸಿದರೆ ಸುಮಾರು 26. ಎಂಜಿನ್ 26 ಸುತ್ತು ಹಾಕಿದರೆ ಗಾಲಿ ಒಂದು ಸುತ್ತು. ಆಕ್ಸಿಲರೇಟರ್ ಮುಟ್ಟದೆ ಎಂಜಿನ್ ನಿಮಿಷಕ್ಕೆ 700 ಸುತ್ತು ತಿರುಗುತ್ತಿದೆ ಅಂದುಕೊಳ್ಳಿ. ಗಾಲಿಯ ಸುತ್ತಳತೆ ಸುಮಾರು 2.25 ಮೀಟರ್. ಲೆಕ್ಕ ಹಾಕಿದರೆ ಗಂಟೆಗೆ 3.7 ಕಿಲೋಮೀಟರ್ ಬರುತ್ತೆ. ಕಾಲು ಸ್ವಲ್ಪ ಒತ್ತಿದರೆ ಸಿಪಾಯಿಯ ನಡಿಗೆ.

ಯುದ್ಧ ಮುಗಿಯುತ್ತಾ ಬಂದಂಗೆ ವಿಲ್ಲಿಸ್‌ಗೆ ಇನ್ನೊಂದು ಚಿಂತೆ ಹತ್ತಿತು. ಸಿಪಾಯಿಗಳು ಮನೆಗೆ ಹೋಗ್ತಾರೆ, ಇಷ್ಟು ದೊಡ್ಡ ಕಾರ್ಖಾನೆ ಇಟ್ಟುಕೊಂಡು ಜೀಪು ಯಾರಿಗೆ ಮಾರೋದು? ಕಂಡಿದ್ದು ರೈತ. 1945ರಲ್ಲಿ ಸಿಜೆ-2ಎ ಬಂತು. ಸಿಜೆ ಅಂದರೆ ನಾಗರಿಕ ಜೀಪು. ಅದಕ್ಕೆ ಹಿಂದೆ ಕೊಂಡಿ ಇತ್ತು. ಟ್ರಾನ್ಸ್‌ಫರ್ ಕೇಸಿನಿಂದಲೇ ಶಕ್ತಿ ತೆಗೆದು ಮಷಿನ್ ತಿರುಗಿಸುವ ಪಿಟಿಒ ಬೇಕಂದ್ರೆ ಹಾಕಿ ಕೊಡ್ತಿದ್ದರು. ಹಗಲು ಟ್ರ್ಯಾಕ್ಟರ್, ಸಂಜೆ ಸಂತೆಗೆ ಲಾರಿ, ಭಾನುವಾರ ಚರ್ಚಿಗೆ ಕಾರು ಅನ್ನೋದು ಮಾರಾಟದ ಧಾಟಿ.

ನಮ್ಮ ವಿಷಯಕ್ಕೆ ಮುಖ್ಯವಾದ ಬದಲಾವಣೆ ಹೊರಗೆ ಕಾಣೋದಲ್ಲ. ಎಂಬಿ ಜೀಪಿನ ಹಲ್ಲುಗಳನ್ನೇ ಅವರು ಬದಲಿಸಿದರು. ಲೋ ಅನುಪಾತ 1.97 ಇದ್ದಿದ್ದು ಎರಡೂವರೆಯ ಹತ್ತಿರ ಹೋಯಿತು. ಒಂದನೇ ಗೇರು 2.8, ಕ್ರೌನ್-ಪಿನಿಯನ್ 5.38. ಒಟ್ಟು ಸುಮಾರು 37. ಅದೇ 700 ಸುತ್ತಿಗೆ ಈಗ ವೇಗ ಗಂಟೆಗೆ ಎರಡೂವರೆ ಕಿಲೋಮೀಟರ್.

ಈ ಎರಡೂವರೆ ಅಂಕಿಯನ್ನ ನಾನು ಮೊದಲ ಸಲ ಲೆಕ್ಕ ಹಾಕಿದಾಗ ನಗು ಬಂತು. ಇರಕಲ್ಲಗಡದ ಹೊಲದಲ್ಲಿ ಬೆಳೆದವರಿಗೆ ಆ ವೇಗ ಕಾಲಿಗೇ ಗೊತ್ತು. ನೇಗಿಲು ಹೂಡಿದ ಎತ್ತು ಹೆಚ್ಚುಕಮ್ಮಿ ಹಂಗೇ ನಡೆಯೋದು. ಮಸಾರಿಯಲ್ಲಿ ಚೂರು ಚುರುಕು, ಎರಿ ಹೊಲದಲ್ಲಿ ಚೂರು ಭಾರ. ಅಮೆರಿಕದ ಎಂಜಿನಿಯರು ನಮ್ಮ ಎತ್ತನ್ನ ನೋಡಿರಲಿಕ್ಕಿಲ್ಲ. ಆದರೆ ಮಣ್ಣು ಸೀಳಬೇಕಂದ್ರೆ ಎಷ್ಟು ನಿಧಾನ ಬೇಕು ಅನ್ನೋದು ಅಲ್ಲೂ ಇಲ್ಲೂ ಒಂದೇ. ಸಿಪಾಯಿಯ ನಡಿಗೆಗೆ ಕಡೆದಿದ್ದ ಗೇರನ್ನ ಎತ್ತಿನ ನಡಿಗೆಗೆ ಮತ್ತೆ ಕಡೆದರು. ಇವತ್ತು ಜನ ಸಾವಿರಾರು ರೂಪಾಯಿ ಸುರಿದು ಮಾಡಿಸೋ 'ಲೋ ಗೇರ್ ಮಾಡಿಫಿಕೇಶನ್' ಇದೆಯಲ್ಲ, ಅದನ್ನ ಮೊದಲು ಮಾಡಿದ್ದು ಕಂಪನಿಯೇ, ಅದೂ ಹೊಲ ಉಳೋದಕ್ಕೆ.

ಈ ಗೇರು ಭಾರತಕ್ಕೆ ಬಂದ ದಾರಿ ನಿಮಗೆ ಅಷ್ಟಿಷ್ಟು ಗೊತ್ತಿರುತ್ತೆ. 1945ರ ಅಕ್ಟೋಬರ್ 2ರಂದು ಲುಧಿಯಾನದಲ್ಲಿ ಜೆ.ಸಿ. ಮಹೀಂದ್ರ, ಕೆ.ಸಿ. ಮಹೀಂದ್ರ ಸೋದರರು ಮತ್ತು ಮಲಿಕ್ ಗುಲಾಮ್ ಮೊಹಮ್ಮದ್ ಸೇರಿ ಉಕ್ಕಿನ ವ್ಯಾಪಾರಕ್ಕೆ 'ಮಹೀಂದ್ರ ಆ್ಯಂಡ್ ಮೊಹಮ್ಮದ್' ಕಟ್ಟಿದರು. ಕೆ.ಸಿ. ಮಹೀಂದ್ರ ಅಮೆರಿಕದಲ್ಲಿ ವಿಲ್ಲಿಸ್ ಎಂಜಿನ್ನಿನ ಹಿಂದಿದ್ದ ಬಾರ್ನಿ ರೂಸ್‌ನನ್ನು ಭೇಟಿ ಮಾಡಿದ್ದರು ಅಂತ ಕಂಪನಿಯೇ ಹೇಳಿಕೊಳ್ಳುತ್ತೆ. 1947ರಲ್ಲಿ ಇಲ್ಲಿ ಜೀಪು ಜೋಡಿಸೋ ಕೆಲಸ ಶುರುವಾಯಿತು. ದೇಶ ಎರಡಾದಾಗ ಗುಲಾಮ್ ಮೊಹಮ್ಮದ್ ಪಾಕಿಸ್ತಾನದ ಮೊದಲ ಹಣಕಾಸು ಮಂತ್ರಿಯಾದರು. 1948ರಲ್ಲಿ ಕಂಪನಿ 'ಮಹೀಂದ್ರ ಆ್ಯಂಡ್ ಮಹೀಂದ್ರ' ಆಯಿತು. ಬೋರ್ಡಿನ ಮೊದಲಕ್ಷರ ಎರಡೂ 'ಎಂ' ಆಗೇ ಉಳಿದವು.

ಆಗ ನಮ್ಮ ಕೊಪ್ಪಳ ಸೀಮೆ ನಿಜಾಮನ ರಾಜ್ಯದೊಳಗಿತ್ತು. 1948ರ ಸೆಪ್ಟೆಂಬರ್ 17ರವರೆಗೆ ನಾವು ಭಾರತದವರಲ್ಲ, 1956ರ ನವೆಂಬರ್ 1ರವರೆಗೆ ಕರ್ನಾಟಕದವರಲ್ಲ. ನಡುವೆ, 1952ರ ಅಕ್ಟೋಬರ್ 2ರಂದು, ದೇಶದಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಶುರುವಾಯಿತು. ಹಳ್ಳಿಗಳನ್ನ ಬ್ಲಾಕುಗಳಾಗಿ ವಿಂಗಡಿಸಿದರು, ಬ್ಲಾಕಿಗೊಬ್ಬ ಅಧಿಕಾರಿ ಬಂದರು, ಅಧಿಕಾರಿಗೊಂದು ಜೀಪು ಬಂತು. ನಮ್ಮ ಕಡೆಯ ಹಿರಿಯರ ಬಾಯಲ್ಲಿ ಇವತ್ತಿಗೂ 'ಜೀಪು ಬಂತು' ಅಂದರೆ 'ಸರ್ಕಾರ ಬಂತು' ಅಂತಲೇ ಅರ್ಥ. ಪೊಲೀಸರು, ತಹಶೀಲ್ದಾರರು, ವಸೂಲಿಗೆ ಬರೋ ಬ್ಯಾಂಕಿನವರು, ಎಲ್ಲರದ್ದೂ ಅದೇ ಗಾಡಿ.

ವಿಚಿತ್ರ ನೋಡಿ. ನೇಗಿಲು ಎಳೀಲಿ ಅಂತ ಗೇರು ಇಳಿಸಿದ ಗಾಡಿ ನಮ್ಮೂರಿನ ಹೊಲದ ಬದುವಿನ ತನಕ ಬಂತು, ಹೊಲದೊಳಗೆ ಇಳೀಲಿಲ್ಲ. ಉಳೋದು ಎತ್ತಿನ ಕೆಲಸವಾಗೇ ಇತ್ತು, ಆಮೇಲೆ ಟ್ರ್ಯಾಕ್ಟರಿಗೆ ಹೋಯಿತು. ಅಮೆರಿಕದಲ್ಲೂ ಹಂಗೇ ಆಯಿತು. ಜೀಪಿಗೆ ತೂಕ ಸಾಲದು. ಗಟ್ಟಿ ನೆಲದಲ್ಲಿ ದಿನಗಟ್ಟಲೆ ನೇಗಿಲು ಎಳೆಯೋಕೆ ಬೇಕಾದ ಹಿಡಿತ ಅದಕ್ಕಿಲ್ಲ. ಮಹೀಂದ್ರದವರೇ 1963ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆ ಸೇರಿ ಟ್ರ್ಯಾಕ್ಟರ್ ಕಂಪನಿ ತೆರೆದರು. ಜೀಪಿನ ಲೋ ಗೇರು ಮಾತ್ರ ಎತ್ತಿನ ನಡಿಗೆಯಲ್ಲೇ ಉಳಿಯಿತು.

ನಮ್ಮ ಕಾಕಾ ಸರ್ಕಾರಿ ಲಿಲಾವಿನಲ್ಲಿ ಹಿಡಿದ ಜೀಪೂ ಅಂಥದ್ದೇ. ಪೆಟ್ರೋಲ್ ಎಂಜಿನ್, ನೆಲದಿಂದ ಮೇಲೆದ್ದ ಮೂರು ಕೋಲು: ಒಂದು ಉದ್ದದ ಗೇರು, ಎರಡು ಗಿಡ್ಡವು. ಕಾಕಾ ಮೊದಲು ಮಾಡಿದ್ದು ಆ ಕಾಲದಲ್ಲಿ ಎಲ್ಲರೂ ಮಾಡುತ್ತಿದ್ದದ್ದನ್ನೇ. ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಕೂರಿಸಿದರು. ಖರ್ಚು ಇಳಿಯಿತು, ಆದರೆ ಗೇರಿನ ಲೆಕ್ಕ ತಲೆಕೆಳಗಾಯಿತು.

ಹೆಂಗೆ ಅಂದರೆ, ವಿಲ್ಲಿಸ್‌ನ ಪೆಟ್ರೋಲ್ ಎಂಜಿನ್ ನಿಮಿಷಕ್ಕೆ 4000 ಸುತ್ತಿನ ತನಕ ಹೋಗುತ್ತಿತ್ತು. 5.38ರ ಕ್ರೌನ್-ಪಿನಿಯನ್ ಇಟ್ಟುಕೊಂಡು ಗಂಟೆಗೆ 60 ಕಿಲೋಮೀಟರ್ ಓಡಿಸಿದರೆ ಟಾಪ್ ಗೇರಿನಲ್ಲಿ ಎಂಜಿನ್ ಸುಮಾರು 2400 ಸುತ್ತು ಹಾಕಬೇಕು. ಪೆಟ್ರೋಲಿಗೆ ಅದು ಆರಾಮ. ಟ್ರ್ಯಾಕ್ಟರ್ ತಳಿಯ ಹಳೇ ಡೀಸೆಲ್ಲಿಗೆ ಅದೇ ಏದುಸಿರು. ಇರಕಲ್ಲಗಡದಿಂದ ಕೊಪ್ಪಳಕ್ಕೆ ಹೋಗೋದರೊಳಗೆ ಕಿವಿ ಗುಂಯ್ ಅನ್ನುತ್ತಿತ್ತು. ಸ್ಪೈಸರ್ 18ರಲ್ಲಿ ಹೈ ಹಾಕಿದಾಗಲೂ ಶಕ್ತಿ ಹಲ್ಲಿನಿಂದ ಹಲ್ಲಿಗೆ ದಾಟಿಕೊಂಡೇ ಹೋಗಬೇಕು, ನೇರ ದಾರಿ ಇಲ್ಲ. ಅದರ ಗುಂಯ್ ಬೇರೆ.

ಪರಿಹಾರ ಕ್ರೌನ್-ಪಿನಿಯನ್ ಬದಲಿಸೋದು. 4.27 ಹಾಕಿದರೆ ಅದೇ 60ಕ್ಕೆ 1900 ಸುತ್ತು ಸಾಕು. ಆದರೆ ಹೈವೇಯಲ್ಲಿ ಗಳಿಸಿದ್ದನ್ನ ಗುಡ್ಡದಲ್ಲಿ ಕಟ್ಟಬೇಕು: 37 ಇದ್ದ ಒಟ್ಟು ಅನುಪಾತ 30ಕ್ಕಿಂತ ಕೆಳಗೆ ಬರುತ್ತೆ. ಇನ್ನೊಂದು ಷರತ್ತು, ಹಿಂದಿನ ಎಕ್ಸೆಲ್ ಬದಲಿಸಿದರೆ ಮುಂದಿನದ್ದೂ ಬದಲಿಸಬೇಕು. ಇಲ್ಲದಿದ್ದರೆ ನಾಲ್ಕೂ ಗಾಲಿ ಜೋಡಿಸಿದಾಗ ಮುಂದಿನವು ಒಂದು ವೇಗಕ್ಕೆ, ಹಿಂದಿನವು ಇನ್ನೊಂದು ವೇಗಕ್ಕೆ ಎಳೆದಾಡಿ ಒಳಗಿನ ಹಲ್ಲು ಮುರೀತಾವೆ. ಎರಡಕ್ಕೂ ದುಡ್ಡು ಎಲ್ಲಿಂದ ತರೋದು? ನಮ್ಮ ಕಡೆ ಬಹಳ ಮಂದಿ ಸುಲಭದ ದಾರಿ ಹಿಡಿದರು. ಹಿಂದಿನದ್ದನ್ನ ಬದಲಿಸಿ, ಮುಂದಿನ ಪ್ರೊಪೆಲ್ಲರ್ ಶಾಫ್ಟನ್ನ ಬಿಚ್ಚಿ ದನದ ಕೊಟ್ಟಿಗೆಯ ಮೂಲೆಗೆ ಒಗೆದರು. ಕಾಕಾನೂ ಅದನ್ನೇ ಮಾಡಿದರು.

ಇಲ್ಲೇ ಆ ಎರಡು ಗಿಡ್ಡ ಕೋಲುಗಳ ಮಾತು ಬರೋದು. ಎಡಗಡೆಯದ್ದು ಮುಂದಿನ ಎಕ್ಸೆಲ್ಲಿಗೆ: ಜೋಡಿಸು, ಬಿಡಿಸು. ಬಲಗಡೆಯದ್ದು ಹೈ, ನ್ಯೂಟ್ರಲ್, ಲೋ. ಎರಡರ ನಡುವೆ ಪೆಟ್ಟಿಗೆಯೊಳಗೆ ಒಂದು ಸಣ್ಣ ಅಡ್ಡ ಇದೆ. ಮುಂದಿನ ಎಕ್ಸೆಲ್ ಜೋಡಿಸದ ಹೊರತು ಆ ಅಡ್ಡ ಲೋ ಬೀಳೋಕೆ ಬಿಡಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಕಬ್ಬಿಣದಲ್ಲಿ ಬರೆದ ಒಂದು 'ಇಫ್' ಕಂಡೀಷನ್. ಕಾರಣ ಸರಳ. ಲೋದಲ್ಲಿ ಹುಟ್ಟೋ ಬಲ ನಾಲ್ಕು ಗಾಲಿಗೆ ಹಂಚಿ ಹೋದರೆ ಎಕ್ಸೆಲ್ ತಡೀತಾವೆ. ಅಷ್ಟೂ ಹಿಂದಿನ ಎರಡಕ್ಕೇ ಹೋದರೆ ಹಿಂದಿನ ಎಕ್ಸೆಲ್ಲಿಗೆ ಅದರ ಅಳತೆ ಮೀರಿದ ಹೊರೆ.

ಕಾಕಾನ ಜೀಪಿನಲ್ಲಿ ಶಾಫ್ಟ್ ಕೊಟ್ಟಿಗೆಯಲ್ಲಿತ್ತು. ಆದರೆ ಎಡಗಡೆ ಕೋಲು ಜೋಡಿಸೋ ಕಡೆಗೆ ಹಾಕಿದರೆ ಆ ಅಡ್ಡಕ್ಕೆ ಇದು ಹೆಂಗೆ ತಿಳಿಯಬೇಕು? ಅದು ನೋಡೋದು ಕೋಲನ್ನ, ಗಾಲಿಯನ್ನ ಅಲ್ಲ. ಷರತ್ತು ಪೂರೈಸಿತು ಅಂದುಕೊಂಡು ಲೋಗೆ ದಾರಿ ಬಿಟ್ಟಿತು. ಒಂದು ದಿನ ಕಲ್ಲು ತುಂಬಿದ ಟ್ರೇಲರ್ ಕಟ್ಟಿಕೊಂಡು ಗುಡ್ಡದ ಬುಡದ ಏರು ಹತ್ತುವಾಗ ಹಿಂದಿನ ಎಕ್ಸೆಲ್ ಕಟ್ ಆಯಿತು. ಗಾಡಿ ಹಿಂದಕ್ಕೆ ಜಾರಿತು. ಟ್ರೇಲರ್ ಅಡ್ಡ ತಿರುಗಿ ಬಂಡೆಗೆ ಆತುಕೊಂಡಿದ್ದರಿಂದ ಕಾಕಾ ಉಳಿದರು. ಟ್ರೇಲರಿನ ಮೇಲೆ ಕೂತಿದ್ದ ಇಬ್ಬರು ಆಳುಗಳು ಜಿಗಿದು ಪಾರಾದರು.

ಗಾಡಿ ಬಿಚ್ಚಿದ ಮಿಸ್ತ್ರಿ ತುಂಡಾದ ಎಕ್ಸೆಲ್ಲನ್ನ ಕಾಕಾನ ಮುಂದೆ ಇಟ್ಟು ಹೇಳಿದ್ದು ನನಗೆ ಇನ್ನೂ ನೆನಪೈತಿ: "ಅಣ್ಣಾರ, ನಾಕು ಮಂದಿ ಹೊರೋ ಹೆಣಾನ ಇಬ್ರ ಹೆಗಲಿಗೆ ಕೊಟ್ರ ಹೆಂಗ್ರಿ? ಇದರದೇನು ತಪ್ಪೈತಿ?"

ಆ ಅಡ್ಡವನ್ನೇ ತೆಗೆಯೋದು ಇವತ್ತು ಜಗತ್ತಿನಾದ್ಯಂತ ಜನಪ್ರಿಯವಾದ ಒಂದು ಮಾಡಿಫಿಕೇಶನ್. ಎರಡು ಗಾಲಿಯಲ್ಲೂ ಲೋ ಸಿಗುತ್ತೆ, ಬಂಡೆಗಳ ನಡುವೆ ಇಕ್ಕಟ್ಟಾಗಿ ತಿರುಗೋಕೆ ಅನುಕೂಲ ಅನ್ನೋದು ವಾದ. ಅನುಕೂಲ ಇರೋದು ನಿಜ. ಜೀಪಿನ ಮುಂದು-ಹಿಂದಿನ ನಡುವೆ ಡಿಫರೆನ್ಷಿಯಲ್ ಇಲ್ಲ, ಹಂಗಾಗಿ ನಾಲ್ಕೂ ಗಾಲಿ ಜೋಡಿಸಿ ಬಿಗಿಯಾಗಿ ತಿರುಗಿಸಿದರೆ ಗಾಡಿ ತನ್ನೊಳಗೇ ಸೆಣಸುತ್ತೆ. ಆದರೆ ಹಾಗೆ ತೆಗೆಯೋರು ಹಿಂದಿನ ಎಕ್ಸೆಲ್ಲನ್ನೂ ಗಟ್ಟಿಯಾದದ್ದಕ್ಕೆ ಬದಲಿಸಿರ್ತಾರೆ. ಇಲ್ಲಾ, ಅದು ಮುರಿದರೂ ಪರವಾಗಿಲ್ಲ ಅನ್ನೋ ಜಾಗದಲ್ಲಿ ಓಡಿಸ್ತಾರೆ. ಇತ್ತೀಚಿನ ಗಾಡಿಗಳಲ್ಲಿ ಈ ಪ್ರಶ್ನೆಯೇ ಬರದಂತೆ ಮಾಡಿದ್ದಾರೆ. 2020ರ ಅಕ್ಟೋಬರ್ 2ರಂದು ಬಂದ ಥಾರ್‌ನಲ್ಲಿ ಇರೋದು ಒಂದೇ ಗಿಡ್ಡ ಕೋಲು. ಎರಡು ಗಾಲಿ, ನಾಲ್ಕು ಗಾಲಿ, ಆಮೇಲೆ ಲೋ ಅಂತ ಸಾಲಾಗಿ ಹೋಗಬೇಕು. ನಾಲ್ಕನ್ನ ದಾಟದೆ ಲೋಗೆ ದಾರಿಯೇ ಇಲ್ಲ. ಹಳೇ ಅಡ್ಡವೇ ಈಗ ರಸ್ತೆಯ ರೂಪ ತಾಳಿದೆ.

ಈಗ ಫೋರ್ ಟು ಒನ್‌ಗೆ ಬರೋಣ. ಇದು ಕಲ್ಪನೆಯ ಮಾತಲ್ಲ. 2003ರ ಜೀಪ್ ರ‍್ಯಾಂಗ್ಲರ್ ರೂಬಿಕಾನ್ ಕಾರ್ಖಾನೆಯಿಂದಲೇ ಲೋ 4 ಇಟ್ಟುಕೊಂಡು ಬಂತು. ಕ್ಯಾಲಿಫೋರ್ನಿಯಾದ ಬೆಟ್ಟಗಳ ಬಂಡೆದಾರಿಯೊಂದರ ಹೆಸರು ಅದು. ನಮ್ಮ ಹಳೇ ಜೀಪಿಗೇ 4 ಹಾಕಿದೆವು ಅಂದುಕೊಳ್ಳಿ. 2.8, 4, 5.38 ಗುಣಿಸಿದರೆ 60. ಬಲ ಅಷ್ಟು ಹೆಚ್ಚಾಯಿತು ಅಂತ ಎಲ್ಲರೂ ಕುಣೀತಾರೆ. ಕ್ಯಾಲ್ಕುಲೇಟರ್ ತಗೊಳ್ಳಿ.

ವಿಲ್ಲಿಸ್ ಎಂಜಿನ್ನಿನ ಗರಿಷ್ಠ ಟಾರ್ಕ್ ಸುಮಾರು 142 ನ್ಯೂಟನ್ ಮೀಟರ್. ಹಳೇ 37ಕ್ಕೆ ಗುಣಿಸಿದರೆ, ನಷ್ಟ ಬಿಟ್ಟು ಲೆಕ್ಕ ಹಿಡಿದರೆ, ಗಾಲಿಗಳಿಗೆ 5,200ರ ಮೇಲೆ. ಈಗ ನೆಲ ಎಷ್ಟು ತಡೆಯುತ್ತೆ ನೋಡಿ. ಜನ ಸೇರಿ 1,300 ಕಿಲೋ ಗಾಡಿ, ಒಣ ಮಣ್ಣಿನ ಹಿಡಿತ 0.7, ಗಾಲಿಯ ತ್ರಿಜ್ಯ 0.36 ಮೀಟರ್. ನಾಲ್ಕೂ ಗಾಲಿ ಸೇರಿ 3,200ರ ಆಸುಪಾಸು. ಅದಕ್ಕಿಂತ ಹೆಚ್ಚು ಕೊಟ್ಟರೆ ಗಾಲಿ ಗಿರ್ ಅಂತ ತಿರುಗುತ್ತೆ, ಅಷ್ಟೇ. ಅಂದರೆ 1945ರ ಹಲ್ಲುಗಳೇ ನೆಲ ತಾಳೋದಕ್ಕಿಂತ ಜಾಸ್ತಿ ಬಲ ಕೊಡ್ತಿದ್ದವು. ಅದನ್ನ 8,500 ಮಾಡಿ ಏನು ಸಿಕ್ಕಂಗಾಯಿತು?

ಸಿಗೋದು ನಿಧಾನ. 60ರ ಅನುಪಾತದಲ್ಲಿ ಗಾಡಿ ಗಂಟೆಗೆ ಒಂದೂವರೆ ಕಿಲೋಮೀಟರಿನಲ್ಲಿ ತೆವಳುತ್ತೆ. ಕ್ಲಚ್ ಉಜ್ಜಬೇಕಿಲ್ಲ, ಇಳಿಜಾರಿನಲ್ಲಿ ಬ್ರೇಕ್ ತುಳೀಬೇಕಿಲ್ಲ, ಗಾಲಿ ಯಾವ ಕಲ್ಲಿನ ಮೇಲೆ ಕೂರುತ್ತೆ ಅಂತ ನೋಡಿಕೊಂಡು ಇಡಬಹುದು. ಬಂಡೆ ಮೇಲೆ ಆಡೋರಿಗೆ ಅದು ನಿಜಕ್ಕೂ ಬೇಕು. ಉಳಿದ ಬಲ ಎಲ್ಲಿಗೆ ಹೋಗುತ್ತೆ ಅಂತೀರಾ? ನೆಲ ಜಾರಿದರೆ ಎಲ್ಲಿಗೂ ಇಲ್ಲ. ಆದರೆ ಎರಡು ಕಲ್ಲಿನ ನಡುವೆ ಗಾಲಿ ಸಿಕ್ಕಿಕೊಂಡು ಜಾರೋಕೆ ಆಗದಿದ್ದಾಗ, ಆಗ ಅದು ಎಕ್ಸೆಲ್ಲಿಗೆ, ಯೂನಿವರ್ಸಲ್ ಜಾಯಿಂಟಿಗೆ, ಕ್ರೌನ್-ಪಿನಿಯನ್ನಿನ ಹಲ್ಲಿಗೆ ಹೋಗುತ್ತೆ. ಸರಪಳಿಯಲ್ಲಿ ಯಾವ ಕೊಂಡಿ ಸೋತಿದೆಯೋ ಅದು ಬಿಲ್ಲು ಕಟ್ಟುತ್ತೆ. ಕಾಕಾನ ಜೀಪಿನಲ್ಲಿ ಆಗಿದ್ದೂ ಇದೇ.

ಕಾನೂನಿನ ಮಾತೂ ಒಂದಿಷ್ಟು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಗಾಡಿಯ ಮೂಲ ವಿವರ ಬದಲಿಸೋದಕ್ಕೆ ಮಿತಿ ಹಾಕುತ್ತೆ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ತಯಾರಕರು ಕೊಟ್ಟ ನಮೂನೆಗೆ ವಿರುದ್ಧವಾಗಿ ಬದಲಿಸುವಂತಿಲ್ಲ ಅಂತ ಸ್ಪಷ್ಟ ಮಾಡಿತು. ಪೆಟ್ಟಿಗೆಯೊಳಗಿನ ಹಲ್ಲು ಚೆಕ್‌ಪೋಸ್ಟಿನಲ್ಲಿ ಯಾರಿಗೂ ಕಾಣಲ್ಲ ಅನ್ನೋದು ನಿಜ. ಅಪಘಾತ ಆದ ಮೇಲೆ ಗಾಡಿ ಬಿಚ್ಚಿದಾಗ ಇನ್ಶೂರೆನ್ಸ್ ಸರ್ವೇಯರಿಗೆ ಕಾಣಬಹುದು. ಜೊತೆಗೆ, ಇಎಂಐ ಇನ್ನೂ ಮುಗಿಯದ ಗಾಡಿಯ ವಾರಂಟಿ ಆ ಗ್ಯಾರೇಜಿನಲ್ಲೇ ಮುಗಿಯುತ್ತೆ.

ಹಂಗಾದರೆ ಮಾಡಿಸಲೇಬಾರದಾ? ಹಾಗೆ ನಾನು ಹೇಳಲ್ಲ. ಈ ಎಂಬತ್ತು ವರ್ಷದಲ್ಲಿ ಗೇರು ಬದಲಿಸಿದೋರೆಲ್ಲ ಮೊದಲು ಒಂದು ಪ್ರಶ್ನೆ ಕೇಳಿಕೊಂಡಿದ್ದರು: ಈ ಗಾಡಿ ಯಾರ ನಡಿಗೆಗೆ ಹೊಂದಬೇಕು? ಸೇನೆಗೆ ಸಿಪಾಯಿ, ವಿಲ್ಲಿಸ್‌ಗೆ ರೈತ, ರೂಬಿಕಾನ್‌ನೋರಿಗೆ ಬಂಡೆ. ಉತ್ತರ ಸಿಕ್ಕ ಮೇಲೆ ಹಲ್ಲು ಎಣಿಸಿದರು, ಆಮೇಲೆ ಹೊರೆ ಯಾರ ಹೆಗಲಿಗೆ ಬೀಳುತ್ತೆ ಅಂತ ನೋಡಿ ಅಡ್ಡ ಇಟ್ಟರು. ನಮ್ಮೂರಿನೋರು ಡೀಸೆಲ್ ಕೂರಿಸಿದಾಗ ಮೊದಲ ಲೆಕ್ಕ ಮಾಡಿದರು, ಎರಡನೇದನ್ನ ಬಿಟ್ಟರು. ದುಡ್ಡಿಲ್ಲದೆ ಬಿಟ್ಟರು ಅನ್ನೋದು ಬೇರೆ ಮಾತು. ನಿಮ್ಮ ಹತ್ತಿರ ದುಡ್ಡಿದೆ, ಲೆಕ್ಕ ಮಾಡೋಕೆ ಫೋನಿದೆ.

ಮೊದಲು ಹೀಗೆ ಮಾಡಿ. ಊರ ಹೊರಗೆ, ಡಾಂಬರಿಲ್ಲದ ಸಮತಟ್ಟಾದ ಮಣ್ಣಿನ ಜಾಗ ಹುಡುಕಿ. ಗಾಡಿ ಪೂರ್ತಿ ನಿಲ್ಲಿಸಿ, ಲೋಗೆ ಹಾಕಿ, ಒಂದನೇ ಗೇರು ಹಾಕಿ ಕ್ಲಚ್ ಬಿಡಿ. ಆಕ್ಸಿಲರೇಟರ್ ಮುಟ್ಟಬೇಡಿ. ಗೆಳೆಯರೊಬ್ಬರನ್ನ ಸ್ವಲ್ಪ ದೂರ ಬಿಟ್ಟು ಪಕ್ಕದಲ್ಲಿ ನಡೆಯೋಕೆ ಹೇಳಿ. ಅವರು ಗಾಡಿಗಿಂತ ಮುಂದೆ ಹೋಗುತ್ತಿದ್ದರೆ, ನಿಮಗೆ ಬೇಕಾದ ನಿಧಾನ ಕಂಪನಿಯವರೇ ಕೊಟ್ಟು ಕಳಿಸಿದ್ದಾರೆ. ಕಿಟ್ಟಿನ ದುಡ್ಡಲ್ಲಿ ಒಳ್ಳೇ ಟಯರು ತಗೊಳ್ಳಿ.